ಸೆಲ್ವರಾಜನ ದನಿಯ ಮೇಲೆ

'ಮೇಲಕ್ಕೆ ಬತ್ತೀನಿ' ಎಂಬ ಕ್ಯಾಸೆಟ್ಟಿನ ಮೊದಲ ಹಾಡಿನಲ್ಲಿ ಕೇಳುವ ದನಿ ಸೆಲ್ವರಾಜನದಲ್ಲ. ಅದು ನನ್ನದು. ಸೆಲ್ವರಾಜ ಹಾಡಿದ್ದ — ನನಗಿಂತ ಮೊದಲು, ನನಗಿಂತ ಚೆನ್ನಾಗಿ. ಅವನು ಹಾಡಿಟ್ಟು ಹೋದದ್ದನ್ನು ಅವತ್ತೇ ಮಧ್ಯಾಹ್ನ ನಾನು ಅಳಿಸಿ ಅದರ ಮೇಲೆ ಹಾಡಿದೆ. ಆಮೇಲೆ, ಇದು ನಿನ್ನದೇ ದನಿ ಎಂದು ಅವನಿಗೇ ಹೇಳಿದೆ.

ಇಷ್ಟೇ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೂ ಇಷ್ಟು ವರ್ಷ ಇದನ್ನು ಬಾಯಲ್ಲಿಟ್ಟುಕೊಂಡೇ ಓಡಾಡಿದೆ. ಬಂಗಾರಪೇಟೆಯ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದವರು ಟೇಪ್ ರೆಕಾರ್ಡರ್ ಸರಿಹೋಯಿತೋ ಇಲ್ಲವೋ ನೋಡಲು ಅದೇ ಕ್ಯಾಸೆಟ್ಟು ಹಾಕುತ್ತಿದ್ದರು. 'ಏನ್ ಗಂಟಲು ಸೆಲ್ವರಾಜಂದು' ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಅಭ್ಯಾಸವಾಯಿತು — ಒಳಗಿನದು ಆಗಲಿಲ್ಲ. ಹಾಡಿನ ಎರಡನೇ ಸಾಲು ಹತ್ತಿರ ಬಂದಂತೆ ಎದ್ದು ಏನಾದರೂ ಹುಡುಕುವವನ ಹಾಗೆ ಒಳಗೆ ಹೋಗುತ್ತಿದ್ದೆ. ಹೋಗಿ ಸುಮ್ಮನೆ ನಿಂತಿರುತ್ತಿದ್ದೆ.

ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ನನಗೆ ಅನುಕೂಲವಾದ ಕಡೆಯಿಂದ ಹೇಳಿಬಿಡುತ್ತೇನೆ. ಆ ಚಾಳಿ ನನಗಿದೆ.

ನಾನು ಮುನಿರಾಜು, ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು. ನಮ್ಮದು ರಾಗಿ ಹೊಲ, ಒಂದಿಷ್ಟು ತರಕಾರಿ, ಎರಡು ಹಸು. ಅಪ್ಪ ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಊರಿಗಾಂಗೆ ಹೋಗಿ, ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳಿಗೆ ಹಾಕಿ ಬರುತ್ತಿದ್ದ. ಅಲ್ಲಿನ ಶಾಲೆಯಲ್ಲೇ ನಾನು ಓದಿದೆ. ಓದು ಮುಗಿದ ಮೇಲೆ ಅಲ್ಲೇ ಒಬ್ಬರ ಹತ್ತಿರ ರೇಡಿಯೋ ರಿಪೇರಿ ಕಲಿಯಲು ಸೇರಿಕೊಂಡೆ. ಊರಿಗಾಂನಲ್ಲಿ ಉಳಿಯಲು ನನಗೆ ಒಂದು ನೆಪ ಬೇಕಾಗಿತ್ತು. ನಿಜವಾದ ಕಾರಣ ಗ್ರೇಸ್ ಟೀಚರು.

ಗ್ರೇಸ್ ಟೀಚರು ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಆಂಗ್ಲೋ ಇಂಡಿಯನ್ ಹೆಂಗಸು. ಸಂಜೆ ಹೊತ್ತು ಚರ್ಚಿನ ಪಕ್ಕದ ಹಾಲಿನಲ್ಲಿ ಪಿಯಾನೋ ನುಡಿಸುತ್ತಿದ್ದರು. ಅವರ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದವನು, ಬಂದಾಗಲೆಲ್ಲ ಅಮೆರಿಕದ ಕಪ್ಪು ಜನರ ಹಾಡಿನ ರೆಕಾರ್ಡುಗಳನ್ನು ತಂದುಕೊಡುತ್ತಿದ್ದ. ನಾಲ್ಕೈದು ಜನ ನಿಂತು ಹಾಡುವ ಹಾಡುಗಳು. ಒಬ್ಬ ಮುಂದೆ ಹಾಡಿದರೆ ಉಳಿದವರು ಅವನ ಹಿಂದೆ, ಕೆಳಗೆ, ಮೇಲೆ — ಅವನನ್ನು ಎತ್ತಿ ಹಿಡಿದ ಹಾಗೆ. ನಾವು ಕೇಳಿದ್ದೆಲ್ಲ ಒಬ್ಬ ಹೇಳಿದ್ದನ್ನು ಎಲ್ಲರೂ ಹಾಗೇ ಹೇಳುವ ಭಜನೆ. ಇದು ಬೇರೆ. ಮೊದಲ ಸಲ ಕೇಳಿದ ದಿನ ನಾನು ಕ್ಯಾಸಂಬಳ್ಳಿ ಬಸ್ಸು ತಪ್ಪಿಸಿಕೊಂಡೆ.

"ಇದಕ್ಕೆ ಸೋಲ್ ಅಂತಾರೆ" ಎಂದರು ಟೀಚರು.

"ಸೋಲಾ? ಸೋತೋರು ಹಾಡೋದಾ ಟೀಚರ್?" ಎಂದು ಬಾಗಿಲ ಹತ್ತಿರ ನಿಂತಿದ್ದವನೊಬ್ಬ ಕೇಳಿದ.

ಟೀಚರು ನಕ್ಕರು. ಆತ್ಮ ಎಂದು ಅರ್ಥ ಹೇಳಿದರು. ಆಮೇಲೆ ಸ್ವಲ್ಪ ಯೋಚಿಸಿ, "ನೀನು ಹೇಳಿದ್ದೂ ತಪ್ಪಲ್ಲ" ಎಂದರು.

ಕೇಳಿದವನು ಸೆಲ್ವರಾಜ. ನನಗಿಂತ ಏಳೆಂಟು ವರ್ಷ ದೊಡ್ಡವನು, ಊರಿಗಾಂ ಲೈನಿನವನು, ಗಣಿಯ ಆಳದಲ್ಲಿ ಬಂಡೆಗೆ ಡ್ರಿಲ್ ಹಿಡಿಯುವ ಕೆಲಸ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಜಗಳಕ್ಕೆ ತೆಲುಗು. ದೊಡ್ಡವನಾದರೂ ಅಣ್ಣ ಎಂದು ಕರೆಯಲು ಬಿಡಲಿಲ್ಲ. 'ಡೇ ಮುನಿ' ಎನ್ನುತ್ತಿದ್ದ, 'ಏನ್ಲಾ ಸೆಲ್ವಾ' ಎನ್ನಿಸಿಕೊಳ್ಳುತ್ತಿದ್ದ. ಅವನ ದನಿಯನ್ನು ಹೇಗೆ ಹೇಳಲಿ — ಒದ್ದೆ ಮಣ್ಣಿನ ಹಾಗೆ ಭಾರ, ಆದರೆ ಮೇಲಕ್ಕೆ ಹೋದಾಗ ಎಲ್ಲಿಯೂ ಒಡೆಯುತ್ತಿರಲಿಲ್ಲ. ಅವನ ಜೊತೆ ನಾನು ಸೇರಿದೆ. ಬೇತಮಂಗಲದ ನಾಗಮಣಿ, ಟೀಚರ ಬಳಿ ಓದಿದ್ದ ಹುಡುಗಿ, ಸೇರಿದಳು. ಟೀಚರೂ ನಿಂತರು. ನಮ್ಮ ತಂಡಕ್ಕೆ 'ನಾಲ್ಕು ದನಿ' ಎಂದು ಹೆಸರಿಟ್ಟರು.

ನನಗೆ ಸ್ವಂತ ದನಿ ಎಂಬುದು ಇರಲಿಲ್ಲ. ಇದು ವಿನಯದ ಮಾತಲ್ಲ. ನಾನು ಹಾಡಲು ಕಲಿತದ್ದೇ ಸೆಲ್ವರಾಜನ ಪಕ್ಕದಲ್ಲಿ ನಿಂತು, ಅವನ ಬಾಯಿ ನೋಡುತ್ತಾ. ಅವನು ಎಲ್ಲಿ ಎಳೆಯುತ್ತಾನೆ, ಎಲ್ಲಿ ಬಿಡುತ್ತಾನೆ, ಯಾವ ಅಕ್ಷರವನ್ನು ಮೂಗಿಗೆ ತಾಗಿಸುತ್ತಾನೆ — ಎಲ್ಲವನ್ನೂ ನಾನು ತೆಗೆದುಕೊಂಡೆ. 'ಕಣ್ಣು ಮುಚ್ಚಿದರೆ ನಿಮ್ಮಿಬ್ಬರಲ್ಲಿ ಯಾರು ಯಾರೋ' ಎಂದು ಟೀಚರು ಒಂದು ಸಲ ಅಂದರು. ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದೆ. ಹಸುವಿಗೆ ಹುಲ್ಲು ಹಾಕುವಾಗ, ಕಳೆ ಕೀಳುವಾಗ ಅವನ ಹಾಗೆ ಹಾಡುತ್ತಿದ್ದೆ. ಒಬ್ಬನೇ ಇರುವಾಗ ನಾನು ಸೆಲ್ವರಾಜನಾಗಿಬಿಡುತ್ತಿದ್ದೆ. ಅವನು ಎದುರಿಗೆ ಬಂದರೆ ಮತ್ತೆ ಹಾಲಿನವನ ಮಗ.

'ಮುದ್ದೆ ಎತ್ತಿಡೇ, ಮೇಲಕ್ಕೆ ಬತ್ತೀನಿ' — ಇದು ಅವನು ಕಟ್ಟಿದ ಹಾಡು. ಗಣಿಗೆ ಇಳಿದವನು ಹೆಂಡತಿಗೆ ಹೇಳುವ ಮಾತು. ಅವನ ಕನ್ನಡ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಆದರೆ ಅವನು ಅದನ್ನು ಹಾಡಿದರೆ ನಾಗಮಣಿ ತನ್ನ ಪಾಲಿನ ಸಾಲು ಮರೆತು ನಿಂತುಬಿಡುತ್ತಿದ್ದಳು. ಎರಡನೇ ಸಾಲು, 'ಮೇಲಕ್ಕೆ ಬತ್ತೀನಿ', ಉದ್ದಕ್ಕೆ ಎಳೆದು ಹಾಡುವಂಥದ್ದು. ಅದರ ನಡುವೆ ಅವನು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಕಲ್ಲಿನ ಧೂಳು ಆಗಲೇ ಅವನ ಎದೆಗೆ ಕೂತಿತ್ತು ಎಂದು ನಮಗೆ ಆಮೇಲೆ ಗೊತ್ತಾಯಿತು. ಆಗ ಅದೊಂದು ಸಣ್ಣ ತಡೆ ಮಾತ್ರ. 'ಮೇಲಕ್ಕೆ' ಎಂದು ನಿಂತು, ಗಟ್ಟಿಯಾಗಿ ಗಾಳಿ ಎಳೆದುಕೊಂಡು, 'ಬತ್ತೀನಿ'. ಕೇಳಿದವರಿಗೆ ಆ ನಡುವಿನ ಕ್ಷಣದಲ್ಲಿ — ಇವನು ಬರುತ್ತಾನೋ ಇಲ್ಲವೋ ಅನ್ನಿಸುತ್ತಿತ್ತು.

ನನಗೆ ಮಾತ್ರ ಅದು ಕುಂದು ಅನ್ನಿಸುತ್ತಿತ್ತು. ನಾನು ಅದೇ ಸಾಲನ್ನು ಒಂದೇ ಉಸಿರಿಗೆ ಹಾಡಬಲ್ಲವನಾಗಿದ್ದೆ. ಹೊಲದಲ್ಲಿ ಹಾಡಿ ನೋಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಶಾಲೆಯ ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಬಂದಿದ್ದ ಒಬ್ಬರು ನಮ್ಮ ಹಾಡು ಕೇಳಿದರು. ಅವರು ಸಣ್ಣದೊಂದು ಸ್ಟುಡಿಯೋ ಇಟ್ಟು ಕ್ಯಾಸೆಟ್ಟು ಹೊರತರುತ್ತಿದ್ದರು. ನಾವು ಅವರನ್ನು ಮೂರ್ತಿಗಳು ಎನ್ನುತ್ತಿದ್ದೆವು. ಎಂಟು ಹಾಡು ಮಾಡೋಣ ಎಂದರು. ಸೆಲ್ವರಾಜ ಪಾಳಿ ಬದಲಾಯಿಸಿಕೊಂಡು ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ಆ ಸ್ಟುಡಿಯೋದ ಗೋಡೆಗೆಲ್ಲ ಗೋಣಿಚೀಲದಂಥ ಬಟ್ಟೆ ಹೊಡೆದಿದ್ದರು. ಅವನು ಅದನ್ನು ಮುಟ್ಟಿ ನೋಡಿ, "ಗಣಿ ಕೆಳಗಿದ್ದಂಗೇ ಐತೆ ಡೇ. ನಮ್ ದನಿ ನಮಗೇ ವಾಪಸ್ ಬರಲ್ಲ" ಎಂದು ನಗುತ್ತಿದ್ದ.

ಏಳು ಹಾಡುಗಳು ಮುಗಿದಿದ್ದವು. ಅವನ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಮೊದಲು ಪಿಯಾನೋ ಜೊತೆ ನಾವು ಮೂವರು ಹಿಂದಿನ ದನಿಗಳನ್ನು ಹಾಡಿದೆವು. ಆಮೇಲೆ ಹೆಡ್‌ಫೋನಿನಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ ಸೆಲ್ವರಾಜ ಒಬ್ಬನೇ, ಟೇಪಿನ ಬೇರೊಂದು ಟ್ರ್ಯಾಕಿನಲ್ಲಿ, ನಮ್ಮ ದನಿಗಳಿಗೆ ತಾಗದ ಪಟ್ಟಿಯಲ್ಲಿ, ಹಾಡಿದ. ಒಂದೇ ಸಲ. ಮುಗಿದಾಗ ಮೂರ್ತಿಗಳು ಗಾಜಿನ ಆಚೆಯಿಂದ ಇನ್ನೊಂದು ಸಲ ಬೇಡ ಎಂದು ಕೈ ಎತ್ತಿದರು. ಸೆಲ್ವರಾಜನಿಗೆ ಹಾಡಿದ್ದನ್ನು ಹಾಕಿಸಿ ಕೇಳುವಷ್ಟು ಹೊತ್ತಿರಲಿಲ್ಲ. ಅವತ್ತು ರಾತ್ರಿಪಾಳಿಗೆ ಅವನು ಹೋಗಲೇಬೇಕಿತ್ತು. ರೈಲು ಹಿಡಿದು ಬಂಗಾರಪೇಟೆ, ಅಲ್ಲಿಂದ ಸಣ್ಣ ರೈಲಿಗೆ ಊರಿಗಾಂ. ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಭುಜ ಹಿಡಿದು, "ನೋಡ್ಕೊ ಡೇ ಮುನಿ" ಎಂದು ಹೊರಟ.

ನೋಡ್ಕೊ. ಆ ಒಂದು ಮಾತನ್ನು ನಾನು ಎಷ್ಟು ಕಡೆಗೆ ತಿರುಗಿಸಿದ್ದೇನೆ.

ಟೀಚರು ನಾಗಮಣಿಯನ್ನು ಕರೆದುಕೊಂಡು ಕಂಟೋನ್ಮೆಂಟಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಊಟಕ್ಕೆ ಹೋದರು. ನಾನು ಬರುವುದಿಲ್ಲ ಎಂದೆ. ಮೂರ್ತಿಗಳು ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದರು. ಸೆಲ್ವರಾಜನ ದನಿ ಸ್ಪೀಕರ್ ಪೆಟ್ಟಿಗೆಗಳೊಳಗಿಂದ ಬಂತು. ಎರಡನೇ ಸಾಲಿನಲ್ಲಿ ಉಸಿರು — ಚರ್ಚಿನ ಹಾಲಿನಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿ, ಒಳಗೆಲ್ಲೋ ಜಲ್ಲಿ ಉರುಳಿದ ಹಾಗೆ.

"ಉಸಿರು ಕೇಳುತ್ತಲ್ಲ ಸಾರ್" ಎಂದೆ.

"ಕೇಳಲಿ ಬಿಡ್ರೀ. ಅದೇ ಹಾಡು" ಎಂದರು ಅವರು.

ಇದನ್ನು ಬಿಡದೆ ಬರೆಯುತ್ತಿದ್ದೇನೆ. ಬಲ್ಲವರೊಬ್ಬರು, ಕೆಲಸ ಗೊತ್ತಿದ್ದವರು, ಬಿಡು ಎಂದರು. ಆಗಲೂ ನಾನು ಬಿಡಲಿಲ್ಲ.

"ಇಲ್ಲ ಸಾರ್. ಅವನೇ ಹೇಳಿ ಹೋಗಿದ್ದಾನೆ. ಸರಿಬರದಿದ್ದರೆ ನೀನು ಹಾಡು ಅಂತ."

ಮೂರ್ತಿಗಳು ನನ್ನ ಮುಖವನ್ನೇ ನೋಡಿದರು. ನಿಮ್ಮ ನಿಮ್ಮಲ್ಲಿ ಮಾತಾಗಿದ್ದರೆ ಸರಿ ಎಂದರು. ಇನ್ನೊಂದು ಟ್ರ್ಯಾಕು ಉಳಿದಿಲ್ಲ, ಹಾಡುವುದಾದರೆ ಇದರ ಮೇಲೇ ಹಾಡಬೇಕು, ಇದು ಹೋಗುತ್ತದೆ ಎಂದೂ ಹೇಳಿದರು. ಸ್ಪಷ್ಟವಾಗಿ ಹೇಳಿದರು. ಹೋಗುತ್ತದೆ ಎಂದರೆ ಏನು ಎಂದು ರೇಡಿಯೋ ಕೆಲಸ ಕಲಿತವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಒಳಗೆ ಹೋಗಿ, ಅವನು ನಿಂತಿದ್ದ ಜಾಗದಲ್ಲಿ ನಿಂತು, ಅವನು ಕಿವಿಗೆ ಹಾಕಿಕೊಂಡಿದ್ದನ್ನೇ ಹಾಕಿಕೊಂಡು ಹಾಡಿದೆ. ಎರಡನೇ ಸಾಲು ಒಂದೇ ಉಸಿರಿಗೆ ಬಂತು. ತುಂಬಾ ಚೆನ್ನಾಗಿ ಬಂತು. ಹಾಡುವಾಗ ನನಗೆ ಯಾವ ಅಪರಾಧವೂ ಅನ್ನಿಸಲಿಲ್ಲ — ಸಂತೋಷವಾಯಿತು. ಬದುಕಿನಲ್ಲಿ ಅಂಥ ಸಂತೋಷ ಮತ್ತೆ ಆಗಿಲ್ಲ ಎಂದರೂ ಸುಳ್ಳಲ್ಲ.

ಆ ಮಧ್ಯಾಹ್ನದ ಮೇಲೆ ಹಲವು ಕಾರಣಗಳನ್ನು ಹೊದಿಸಿ ನೋಡಿದ್ದೇನೆ. ಕ್ಯಾಸೆಟ್ಟು ಚೆನ್ನಾಗಿ ಬರಲಿ ಎಂದು ಮಾಡಿದೆ. ಸೆಲ್ವರಾಜನ ಉಸಿರಿನ ತಡೆಯನ್ನು ಜನ ಆಡಿಕೊಳ್ಳದಿರಲಿ ಎಂದು ಮಾಡಿದೆ. ಯಾವುದೂ ನಿಲ್ಲುವುದಿಲ್ಲ. ಅವನಾಗಬೇಕು ಎಂದಿದ್ದವನಿಗೆ ಅವನಿಲ್ಲದ ಅರ್ಧ ಗಂಟೆ ಸಿಕ್ಕಿತು, ಅಷ್ಟೇ.

ಕ್ಯಾಸೆಟ್ಟು ಕೈಗೆ ಬಂದ ದಿನ ಚರ್ಚಿನ ಹಾಲಿನಲ್ಲಿ ಲೈನಿನವರೆಲ್ಲ ಸೇರಿದ್ದರು. ಸೆಲ್ವರಾಜನ ಹೆಂಡತಿ ರೋಸಮ್ಮ ಮಗು ಜಯಾಳನ್ನು ಸೊಂಟದ ಮೇಲೆ ಇಟ್ಟುಕೊಂಡು ಮುಂದೆ ನಿಂತಿದ್ದಳು. ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದು ನಾನೇ. ಸೆಲ್ವರಾಜ ಅಲ್ಲಿಯವರೆಗೆ ತನ್ನ ದನಿಯನ್ನು ಹೊರಗಿನಿಂದ ಕೇಳಿದವನೇ ಅಲ್ಲ. ಏಳು ಹಾಡುಗಳ ಕೆಲಸದಲ್ಲೂ ಅವನು ಪ್ರತಿದಿನ ರೈಲಿಗೆ ಓಡಿದವನು. ತಲೆ ತಗ್ಗಿಸಿ, ಬಾಯಿ ಸ್ವಲ್ಪ ತೆರೆದು ಕೇಳಿದ. ಎರಡನೇ ಸಾಲು ಬಂತು. ಹೋಯಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ.

"ನಾನಾ ಡೇ ಇದು?"

"ನೀನೇ ಕಣ್ಲಾ" ಎಂದೆ.

ಸುತ್ತಲಿದ್ದವರು ನಕ್ಕರು. ತನ್ನ ದನಿ ತನಗೇ ಗುರುತು ಸಿಗಲ್ಲ ನೋಡು ಎಂದು ಯಾರೋ ಅವನ ಬೆನ್ನು ತಟ್ಟಿದರು. ಅವನೂ ನಕ್ಕ. ರೋಸಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾಗಮಣಿ ಮಾತ್ರ ಆಮೇಲೆ ಬಾವಿಕಟ್ಟೆ ಹತ್ತಿರ ನನ್ನನ್ನು ನಿಲ್ಲಿಸಿ, "ಎಲ್ಡನೇ ಸಾಲ್ನಾಗೆ ಸೆಲ್ವಣ್ಣ ಉಸ್ರು ತಗೋತಾನಲ್ಲ. ಇದ್ರಾಗೆ ಇಲ್ಲ" ಎಂದಳು. ಉಸಿರನ್ನು ಮೆಷಿನ್ನು ತೆಗೆದುಬಿಡುತ್ತೆ ಎಂದೆ. ಅವಳು ನನ್ನನ್ನು ನಂಬಿದಳೋ, ನಂಬದೆ ಬಿಟ್ಟಳೋ — ಮತ್ತೆ ಕೇಳಲಿಲ್ಲ. ಮರುವರ್ಷ ಮುಳಬಾಗಿಲ ಕಡೆಗೆ ಮದುವೆಯಾಗಿ ಹೋದಳು.

ಆ ಕ್ಯಾಸೆಟ್ಟು ಓಡಿದ ಹಾಗೆ ಯಾವುದೂ ಓಡಲಿಲ್ಲ. ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗಳಲ್ಲಿ, ಕೋಲಾರದ ಮದುವೆಮನೆಗಳಲ್ಲಿ, ಬೇತಮಂಗಲದ ಬಸ್ಸಿನೊಳಗೆ — ಎಲ್ಲೆಲ್ಲೂ 'ಮುದ್ದೆ ಎತ್ತಿಡೇ'. ರೇಡಿಯೋದಲ್ಲೂ ಬಂತು. ನಮ್ಮನ್ನು ಕರೆಯುವವರು ಹೆಚ್ಚಾದರು. ಮೊದಲ ದೊಡ್ಡ ಕಾರ್ಯಕ್ರಮ ಕೋಲಾರದಲ್ಲಿ. ಮೈದಾನದ ತುಂಬ ಜನ. ಸೆಲ್ವರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹಾಡಿದ. ಎರಡನೇ ಸಾಲಿನಲ್ಲಿ ನಿಂತ, ಉಸಿರು ಎಳೆದ. ಹಿಂದಿನಿಂದ ಒಬ್ಬ ಕೂಗಿದ: "ಕ್ಯಾಸೆಟ್‌ನಾಗೆ ಇದ್ದಂಗೆ ಹಾಡಪ್ಪಾ."

ಕೆಲವರು ನಕ್ಕರು, ಅಷ್ಟೇ. ಆದರೆ ಅದು ಅವನಿಗೆ ನಾಟಿತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಾ, "ಅವತ್ತು ಅಷ್ಟು ಉದ್ದ ಹೆಂಗೆ ಹಿಡಿದ್ನೋ ಗೊತ್ತಾಗ್ತಿಲ್ಲ ಮುನಿ. ಈಗ ಬರ್ತಾನೇ ಇಲ್ಲ" ಎಂದ.

ಆಗ ಹೇಳಬಹುದಿತ್ತು. ಪಕ್ಕದಲ್ಲೇ ಕೂತಿದ್ದೆ. ನಮ್ಮಿಬ್ಬರ ಮೊಣಕೈ ತಾಗುತ್ತಿತ್ತು. "ಬರುತ್ತೆ ಬಿಡ್ಲಾ, ಸಾಧನೆ ಮಾಡು" ಎಂದೆ.

ಅವನು ಸಾಧನೆ ಮಾಡಿದ. ಪಾಳಿ ಮುಗಿಸಿ ಬಂದು, ಸಾಲದಲ್ಲಿ ಕೊಂಡ ಟೇಪ್ ರೆಕಾರ್ಡರನ್ನು ಮುಂದಿಟ್ಟುಕೊಂಡು, ಕ್ಯಾಸೆಟ್ಟಿನ ಜೊತೆ ಜೊತೆಗೇ ಹಾಡುತ್ತಿದ್ದ. ಆ ಸಾಲನ್ನು ಅದು ಹಾಡಿದ ಹಾಗೆ ಒಂದೇ ಉಸಿರಿಗೆ ಮುಟ್ಟಿಸಬೇಕೆಂದು. ಮುಟ್ಟುತ್ತಿರಲಿಲ್ಲ. ಕೆಮ್ಮು ಬರುತ್ತಿತ್ತು. ನೀರು ಕುಡಿದು ಮತ್ತೆ ಟೇಪು ಹಿಂದಕ್ಕೆ. ಒಂದು ದಿನ ಅವನ ಮನೆಗೆ ಹೋದವನು ಬಾಗಿಲಲ್ಲೇ ನಿಂತು ಇದನ್ನು ನೋಡಿದೆ. ನನ್ನ ದನಿಯ ಹಿಂದೆ ಅವನು ಓಡುತ್ತಿದ್ದ — ತನ್ನದೇ ಎಂದುಕೊಂಡು. ರೋಸಮ್ಮ ಒಳಗಿನಿಂದ, "ನಿನ್ನ ಫ್ರೆಂಡ್‌ಗೆ ಏಳಪ್ಪಾ, ಇಂಗೆ ಮಾಡ್ಕೊಂಡ್ರೆ ಪ್ರಾಣ ಓಗುತ್ತೆ ಅಂತ" ಎಂದಳು. ನಾನು ಏನೋ ಹೇಳಿ ಬಂದುಬಿಟ್ಟೆ. ಆಮೇಲೆ ಅವನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ಕಾರ್ಯಕ್ರಮಕ್ಕೆ ಅವನು ಬರಲಿಲ್ಲ. "ನನ್ ಗಂಟಲು ಮುಗೀತು ಡೇ. ಅವತ್ತು ಒಂದಿನ ಇತ್ತು, ಓಯ್ತು. ನೀನೇ ಹಾಡು" ಎಂದ. ನಾನು ಹಾಡಿದೆ. ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಇದೆ ಎಂದು ಜನ ಚಪ್ಪಾಳೆ ತಟ್ಟಿದರು. ಸೆಲ್ವರಾಜನನ್ನು ಹಾಗೇ ಇಳಿಸಿದ್ದಾನೆ ಎಂದರು. ನನಗೆ ಬೇಕಾದದ್ದು ಸಿಕ್ಕಿತ್ತು, ವೇದಿಕೆಯ ಮುಂದಿನ ಜಾಗ. ಎರಡು ವರ್ಷ ಅಲ್ಲಿ ನಿಂತೆ. ಹಾಡು ಮುಗಿದ ಮೇಲೆ ಕೈಗಳನ್ನು ಎಲ್ಲಿ ಇಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಗ್ರೇಸ್ ಟೀಚರು, ಹೊರದೇಶದಲ್ಲಿ ನೆಲೆಸಿದ್ದ ತಮ್ಮನ ಹತ್ತಿರ ಹೋದರು. ತಂಡ ತಾನಾಗಿಯೇ ನಿಂತುಹೋಯಿತು. ನಾನು ಬಂಗಾರಪೇಟೆಯಲ್ಲಿ ಅಂಗಡಿ ತೆರೆದೆ.

ಸೆಲ್ವರಾಜ ಆಸ್ಪತ್ರೆ ಸೇರಿದ್ದಾನೆ ಎಂದು ಗೊತ್ತಾದಾಗ ಜಯಾಗೆ ಏಳು ವರ್ಷವಿರಬೇಕು. ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಮಾತು ಎರಡೆರಡೇ ಪದ. ಸ್ವಲ್ಪ ಹೊತ್ತು ಅಪ್ಪನ ಹಾಲಿನ ವ್ಯಾಪಾರದ ವಿಷಯ, ಅಂಗಡಿಯ ವಿಷಯ. ಆಮೇಲೆ, "ಆ ಹಾಡು ಹಾಡು ಡೇ" ಎಂದ.

ನಾನು ಮುಂದೆ ನಿಂತು ಆ ಹಾಡು ಹಾಡಿದ್ದನ್ನು ಅವನು ಕೇಳಿರಲಿಲ್ಲ. ಅವನಿದ್ದಾಗ ಅದು ಅವನದು, ಹಾಡುವುದನ್ನು ಬಿಟ್ಟ ಮೇಲೆ ಅವನು ಕಾರ್ಯಕ್ರಮಗಳಿಗೆ ಬರಲಿಲ್ಲ. ಪಕ್ಕದ ಮಂಚದವರಿಗೆ ತೊಂದರೆಯಾಗದ ಹಾಗೆ ಸಣ್ಣ ದನಿಯಲ್ಲಿ ಶುರು ಮಾಡಿದೆ. ಅವನು ಕಣ್ಣು ಮುಚ್ಚಿದ. ಎರಡನೇ ಸಾಲು — ಯೋಚಿಸಲಿಲ್ಲ ನಾನು, ಬಾಯಿಗೆ ರೂಢಿಯಾಗಿತ್ತು — ಒಂದೇ ಉಸಿರಿಗೆ ಹೋಯಿತು.

ಅವನು ಕಣ್ಣು ತೆರೆದ. ನನ್ನನ್ನು ನೋಡಿದ. ಕೋಪವಿಲ್ಲ, ಏನೂ ಇಲ್ಲ.

"ಕ್ಯಾಸೆಟ್ಟಲ್ಲಿ ಇದ್ದಂಗೇ ಐತಲ್ಲಾ ಮುನಿ."

ನಾನು ಹಾಡು ನಿಲ್ಲಿಸಿದೆ. ಅವನು ಕಾದ. ಕಾದ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ನನ್ನ ಬಾಯಿಂದ ಏನಾದರೂ ಬರಲಿ ಎಂದು. ನಾನು ಅವನ ನೀರಿನ ಲೋಟ ಖಾಲಿಯಾಗಿದೆಯೇ ನೋಡಿದೆ. ತುಂಬಿಸಿ ತರುತ್ತೇನೆ ಎಂದು ಎದ್ದೆ. ವಾಪಸ್ಸು ಬಂದಾಗ ಅವನು ಆ ಕಡೆಗೆ ತಿರುಗಿದ್ದ. ಆ ವಾರವೇ ಹೋದ.

ಅವನಿಗೆ ಗೊತ್ತಾಗಿತ್ತೇ? ಗೊತ್ತಾಗಿ, ಇಷ್ಟು ದಿನ ತನ್ನ ಗಂಟಲು ಮುಗಿಯಿತು ಎಂದುಕೊಂಡದ್ದು ಸುಳ್ಳು, ಕ್ಯಾಸೆಟ್ಟಿನ ಆ ಉದ್ದನೆಯ ಉಸಿರು ಯಾವತ್ತೂ ತನ್ನದಾಗಿರಲೇ ಇಲ್ಲ ಎಂದು ತಿಳಿದೇ ಹೋದನೇ — ಅಥವಾ ಗೊತ್ತಾಗದೆ, ಗೆಳೆಯ ಚೆನ್ನಾಗಿ ಹಾಡಿದ ಎಂದಷ್ಟೇ... ಯಾವುದು ನನಗೆ ಹೆಚ್ಚು ಸಹಿಸಲಾಗದ್ದು ಎಂದು ನನಗೇ ತಿಳಿದಿಲ್ಲ.

ಕಳೆದ ತಿಂಗಳು ಜಯಾ ಅಂಗಡಿಗೆ ಬಂದಳು. ಈಗ ಅವಳು ಬೆಳೆದ ಹುಡುಗಿ, ಬಂಗಾರಪೇಟೆಯಲ್ಲಿ ಹೊಲಿಗೆ ಕೆಲಸಕ್ಕೆ ಬರುತ್ತಾಳೆ. ನನ್ನನ್ನು ಮಾಮ ಎನ್ನುತ್ತಾಳೆ. ಕ್ಯಾಸೆಟ್ಟಿನ ಟೇಪು ತುಂಡಾಗಿತ್ತು. ಅಂಟಿಸಿ ಕೊಡು ಎಂದಳು. ಅಂಟಿಸಿ, ಹಾಕಿ ನೋಡಿದೆ. ಅವಳು ಸ್ಟೂಲಿನ ಮೇಲೆ ಕೂತು ಕೇಳುತ್ತಾ ಹೇಳಿದಳು, "ಅಪ್ಪ ಆಸ್ಪತ್ರೆ ಸೇರೋವರ್ಗೂ ಇದ್ರ ಜೊತೇಲೇ ಹಾಡ್ತಿದ್ರು ಮಾಮ, ನಂಗೆ ಗೆಪ್ತಿ ಐತೆ. ಒಬ್ರೇ ಇಬ್ರಾಗಿ. ಅವ್ರದು ಅಂತ ಇದೊಂದೇ ನಮ್ಮನೇಲಿ ಉಳ್ದಿರೋದು. ಫೋಟೋದಾಗೆ ಮುಖಾನೂ ಸರಿಯಾಗಿ ಬಂದಿಲ್ಲ."

ನಾನು ಟೇಪು ನಿಲ್ಲಿಸಿದೆ. ಹೇಳಿದೆ. ಮೇಲೆ ಬರೆದದ್ದೆಲ್ಲವನ್ನೂ ಅಲ್ಲ. ಮೊದಲ ನಾಲ್ಕು ಮಾತು, ಆಮೇಲೆ ಆಸ್ಪತ್ರೆಯದು.

ಅವಳು ಅಳಲಿಲ್ಲ. ಗಿರಾಕಿಯೊಬ್ಬ ಬಂದು ಬ್ಯಾಟರಿ ಕೇಳಿದ, ಕೊಟ್ಟು ಕಳಿಸಿದೆ. ಅಷ್ಟು ಹೊತ್ತೂ ಅವಳು ಕ್ಯಾಸೆಟ್ಟಿನ ಡಬ್ಬಿಯನ್ನು ತೆರೆಯುತ್ತಾ ಮುಚ್ಚುತ್ತಾ ಇದ್ದಳು.

"ಅಂಗಾದ್ರೆ ಇದ್ರಾಗೆ ಅಪ್ಪ ಎಲ್ಲೂ ಇಲ್ವಾ?"

ಇದ್ದಾನೆ ಎಂದೆ. ಉಳಿದ ಏಳು ಹಾಡುಗಳಲ್ಲಿ ಕೆಳಗಿನ ದನಿ ಅವನದು, ನಮ್ಮೆಲ್ಲರನ್ನೂ ಹೊತ್ತು ನಿಂತಿರುವ ದನಿ. ಎರಡನೇ ಹಾಡು ಹಾಕಿದೆ. ಅವಳು ಸ್ಪೀಕರಿಗೆ ಕಿವಿ ಕೊಟ್ಟಳು. "ಕೇಳ್ತಾ ಇಲ್ಲ. ಎಲ್ಲಾ ಒಟ್ಟಿಗೇ ಐತೆ" ಎಂದಳು. ಮತ್ತೆ ಹಾಕಿದೆ. ನನ್ನ ಪಾಲನ್ನು ನಾನು ಟೇಪಿನ ಜೊತೆ ಹಾಡಿ ತೋರಿಸಿದೆ: ಇದು ನಾನು, ಇದನ್ನು ತೆಗೆದುಬಿಡು. ನಾಗಮಣಿಯದು ಇದು, ಇದನ್ನೂ ಬಿಡು. ಟೀಚರದು ಮೇಲೆ. ಈಗ ಏನು ಉಳಿಯಿತೋ ಅದನ್ನು ಕೇಳು. ಸಂಜೆಯ ರೈಲಿನ ಹೊತ್ತಾಗುವವರೆಗೆ ಹೀಗೇ ಮಾಡಿದೆವು. ಒಂದು ಸಲ ಅವಳು ಬೆರಳೆತ್ತಿದಳು. ಆ ಜಾಗ ಸರಿಯಾಗಿತ್ತು. ಅಲ್ಲಿ ಉಳಿದವರೆಲ್ಲ ಒಂದು ಕ್ಷಣ ನಿಂತು ಅವನೊಬ್ಬನೇ ಇಳಿಯುತ್ತಾನೆ. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಟೇಪ್ ರೆಕಾರ್ಡರಿನ ಕಡೆಗೆ ನೋಡುತ್ತಿದ್ದೆ.

ಹೊರಡುವಾಗ ಅವಳು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡಳು. "ಅಮ್ಮಂಗೆ ನಾನು ಏಳಲ್ಲ. ನೀವೇ ಬಂದು ಏಳ್ಬೇಕು" ಎಂದಳು.

ನೀವು ಎಂದಳು. ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದ ಹುಡುಗಿ.

ಮೂರು ಭಾನುವಾರ ಹೋಗದೆ ಕಳೆದೆ. ಒಂದು ಸಲ ಸ್ಟೇಷನ್ನಿನವರೆಗೆ ಹೋಗಿ, ಟಿಕೆಟ್ಟೂ ತೆಗೆದುಕೊಂಡು, ರೈಲು ಹೋಗುವುದನ್ನು ನೋಡುತ್ತಾ ನಿಂತೆ. ರೋಸಮ್ಮ ಗಂಡನನ್ನು ಕಳೆದುಕೊಂಡವಳು. ಈಗ ನಾನು ಹೋಗಿ ಇನ್ನೊಂದು ಸಲ — ಇದನ್ನು ಹೇಳುವುದರಿಂದ ಯಾರಿಗೆ ಒಳ್ಳೆಯದು, ನನಗೇ ತಾನೆ — ಹೀಗೆಲ್ಲ ಯೋಚನೆ ಬರುತ್ತಿತ್ತು. ಇವು ಒಳ್ಳೆಯ ಯೋಚನೆಗಳ ಹಾಗೆ ಕಾಣುತ್ತವೆ. ಇಷ್ಟು ವರ್ಷ ಇಂಥವೇ ಯೋಚನೆಗಳು ನನ್ನನ್ನು ಸಾಕಿದವು.

ಈ ಭಾನುವಾರ ಹೋದೆ. ಊರಿಗಾಂ ಸ್ಟೇಷನ್ನಿನಿಂದ ಲೈನಿಗೆ ನಡೆದೆ. ರೋಸಮ್ಮ ಬಾಗಿಲ ಮುಂದೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಜಯಾ ಒಳಗೆ ಇದ್ದಳು. ನನ್ನನ್ನು ನೋಡಿಯೂ ಹೊರಗೆ ಬರಲಿಲ್ಲ.

"ಯಾರು, ಮುನೀನಾ? ಬಾಪ್ಪಾ. ಎಷ್ಟು ದಿನ ಆಯ್ತು ಬಂದು. ಕೂತ್ಕೊ, ಕಾಫಿ ಕಾಯಿಸ್ತೀನಿ" ಎಂದು ರೋಸಮ್ಮ ಮೊರ ಪಕ್ಕಕ್ಕಿಟ್ಟು, ಮಣೆ ಸರಿಸಿದಳು.

ನಾನು ಕೂರಲಿಲ್ಲ.

"ಕಾಫಿ ಬೇಡಕ್ಕ. ಮೊದ್ಲು ಒಂದು ಮಾತು ಏಳ್ಬೇಕು" ಎಂದು ನಿಂತೇ ಶುರು ಮಾಡಿದೆ.